ಕಟ್ಟೆ ಮೇಲೆ ಕೂತು ಕೂಲಿ ಕಟ್ಟೋ ನಾವು, ಭತ್ತಕ್ಕೆ ಯಾಕೆ ಬೆಲೆ ಕಟ್ಟಕ್ಕಾಗಲ್ಲ?

ಇವತ್ತಿನದು ಸ್ವಲ್ಪ ಉದ್ದ ಆಗುತ್ತೆ. ಈಗ ಪುರುಸೊತ್ತಿಲ್ಲ ಅನ್ನೋರು ಸಂಜೆ ಡೇರಿಗೆ ಹಾಲು ಹಾಕಿ ಬಂದು ನಿಧಾನವಾಗಿ ಓದಿ. ಬೈಯ್ಯೋದಿದ್ರೂ ಪೂರ್ತಿ ಓದಿ ಬೈಯ್ರಿ.

ನಾಲೆಗೆ ನೀರು ಬಿಡೋ ದಿನ ಹತ್ರ ಬಂತು. ಬೋರ್ ಇರೋರು ಆಗಲೇ ಒಟ್ಲು ಹಾಕಿದ್ದಾರೆ. ಮೊನ್ನೆ ನಮ್ಮೂರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಬಂತು: "ಈ ಸಲವೂ ನಾಟಿ ಕೂಲಿಗೆ ಊರ ಕಟ್ಟು ಮಾಡ್ಬೇಕು. ಭಾನುವಾರ ಬೆಳಿಗ್ಗೆ ಅರಳಿಕಟ್ಟೆ ಹತ್ರ ಎಲ್ಲ ರೈತರೂ ಬರಬೇಕು." ಕೆಳಗೆ ಸಾಲಾಗಿ ಕೈ ಮುಗಿಯೋ ಗುರುತು, ಹೆಬ್ಬೆರಳು. ನಾನು ಏನೂ ಒತ್ತಲಿಲ್ಲ. ಯಾಕೆ ಅಂತ ಎರಡು ಮೂರು ಜನ ಫೋನ್ ಮಾಡಿ ಕೇಳಿದ್ರು. ಫೋನಿನಲ್ಲಿ ಹೇಳಿ ಮುಗಿಯೋ ಮಾತಲ್ಲ, ಅದಕ್ಕೆ ಬರೀತಿದ್ದೀನಿ.

ಮೊದಲು ನನ್ನ ತಪ್ಪು ಒಪ್ಪಿಕೊಂಡುಬಿಡ್ತೀನಿ. ಹೋದ ವರ್ಷ ಇದೇ ಕಟ್ಟೆ ಮೇಲೆ ಕಟ್ಟು ಮಾಡಿದಾಗ ನಾನೂ ಕೈ ಎತ್ತಿದೋನೇ. ನಾಟಿ ಹೆಣ್ಣಾಳುಗಳು ದಿನಕ್ಕೆ 450 ಕೇಳ್ತಿದ್ರು, ಗುತ್ತಿಗೆ ಆದ್ರೆ ಎಕರೆಗೆ 5,500. ನಾವು 400, ಗುತ್ತಿಗೆಗೆ 5,000 ಅಂತ ಗೆರೆ ಎಳೆದೆವು. ಅದಕ್ಕಿಂತ ಜಾಸ್ತಿ ಕೊಟ್ಟ ರೈತನಿಗೆ 1,000 ರೂಪಾಯಿ ದಂಡ. ಆವತ್ತು ನಾವೇನೋ ದೊಡ್ಡ ಸಂಘಟನೆ ಮಾಡಿದೋರ ಹಾಗೆ ಎದ್ದು ಬಂದೆವು.

ಆಮೇಲೆ ಆಗಿದ್ದು ನಿಮಗೆ ಗೊತ್ತಲ್ಲ. ಗ್ಯಾಂಗಿನೋರು ಜಗಳಕ್ಕೆ ಬರಲಿಲ್ಲ. ಬೆಳಿಗ್ಗೆ ಆರಕ್ಕೆ ಗೂಡ್ಸ್ ಆಟೋ ಹತ್ತಿ ಪಕ್ಕದ ತಾಲೂಕಿಗೆ 500ಕ್ಕೆ ಹೋದ್ರು. ನಮ್ಮ ಒಟ್ಲು ಪಾತಿಯಲ್ಲೇ ಉಳೀತು. 21ರಿಂದ 25 ದಿನದೊಳಗೆ ಕಿತ್ತು ನೆಡಬೇಕಾದ ಪೈರನ್ನು ನಾನು ನೆಟ್ಟಿದ್ದು 38ನೇ ದಿನಕ್ಕೆ. ವಯಸ್ಸಾದ ಪೈರು ತೆಂಡೆ ಒಡೆಯಲ್ಲ ಅನ್ನೋದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. 22 ಕ್ವಿಂಟಾಲ್ ಬರೋ ಎಕರೆಯಲ್ಲಿ 19 ಬಂತು. ಕಟ್ಟು ಮಾಡಿದೋರಲ್ಲೇ ಇಬ್ಬರು ಹತ್ತೇ ದಿನಕ್ಕೆ ರಾತ್ರಿ ಹೋಗಿ ಜಾಸ್ತಿ ಕೊಡ್ತೀವಿ ಅಂತ ಆಳು ಹಿಡಿದ್ರು. ದಂಡ ಯಾರೂ ಕಟ್ಟಲಿಲ್ಲ, ಯಾರೂ ಕೇಳಲೂ ಇಲ್ಲ.

ಕೊನೆಗೆ ನಾನೂ ಗ್ಯಾಂಗಿನ ಮುಂದಾಳು ಅಕ್ಕನ ಮನೆ ಹತ್ರ ಹೋದೆ. ಆಯಮ್ಮ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕ್ಕೋತಾ ಇತ್ತು. ಬೈಯ್ಯಲಿಲ್ಲ. ಒಂದೇ ಮಾತು ಕೇಳ್ತು: "ಅಣ್ಣ, ಕಟ್ಟೆ ಮೇಲೆ ಕೂತ್ಕಂಡು ನಮ್ ಕೂಲಿಗೆ ರೇಟು ಕಟ್ಟುದ್ರಲ್ಲ, ಅದೇ ಕಟ್ಟೆ ಮೇಲೆ ಕೂತ್ಕಂಡು ನಿಮ್ ಭತ್ತಕ್ಯಾಕೆ ಕಟ್ಟಕ್ಕಾಗಲ್ಲ?"

ಉತ್ತರ ಹೊಳೀಲಿಲ್ಲ. ವರ್ಷದಿಂದ ಅದೇ ಮಾತು ತಲೇಲಿ ಸುತ್ತುತ್ತಾ ಇದೆ. ಪುಸ್ತಕ, ಕಾಗದ ಹಿಡಿದು ಕೂತು ಲೆಕ್ಕ ಹಾಕಿದೆ. ನಿಮ್ಮ ಮುಂದೆ ಇಡ್ತೀನಿ, ತಪ್ಪಿದ್ರೆ ತಿದ್ದಿ.

ಒಂದು ಎಕರೆ ಲೆಕ್ಕ

ಸಾಧಾರಣ ವರ್ಷದ್ದು ಹಿಡಿದಿದ್ದೀನಿ, ಒಂದು ಎಕರೆಗೆ. ಉಳುಮೆ, ಕೆಸರು ಹೊಡೆಸೋದು ಎಲ್ಲ ಸೇರಿ 6,000. ಬಿತ್ತನೆ ಭತ್ತ, ಒಟ್ಲು 1,500. ನಾಟಿ ಗುತ್ತಿಗೆ 5,500. ಕಳೆ 3,000. ಗೊಬ್ಬರ, ಔಷಧಿ 7,000. ಕಟಾವು ಮೆಷಿನ್ 3,500. ಒಣಗಿಸೋದು, ಚೀಲ, ಸಾಗಣೆ 2,000. ಒಟ್ಟು 28,500. ಇದರಲ್ಲಿ ಆಳಿನ ಕೈಗೆ ಹೋಗೋದು ನಾಟಿ ಮತ್ತು ಕಳೆ ಸೇರಿ 8,500, ಅಂದ್ರೆ ನೂರಕ್ಕೆ ಮೂವತ್ತು. ಉಳಿದ ಎಪ್ಪತ್ತು ಟ್ರ್ಯಾಕ್ಟರಿಗೆ, ಡೀಸೆಲ್ಲಿಗೆ, ಗೊಬ್ಬರದಂಗಡಿಗೆ, ಮೆಷಿನ್ನಿಗೆ. ಅದಕ್ಕೆ ಯಾವತ್ತಾದ್ರೂ ಊರ ಕಟ್ಟು ಮಾಡಿದ್ದೀವಾ? ಗೊಬ್ಬರದಂಗಡಿಯೋನು ಚೀಟಿಯಲ್ಲಿ ಬರೆದಷ್ಟು ಕೊಟ್ಟು ಬರ್ತೀವಿ. ಕಟಾವು ಮೆಷಿನ್ನಿನೋನು ಗಂಟೆಗೆ ಇಷ್ಟು ಅಂದ್ರೆ "ನಾಳೆ ನಮ್ಮದಕ್ಕೆ ಬಂದುಬಿಡಪ್ಪ" ಅಂತ ನಾವೇ ಕೈ ಮುಗೀತೀವಿ.

ಈಗ ಆ ಕಡೆ ನೋಡಿ. 2025-26ಕ್ಕೆ ಸಾಮಾನ್ಯ ಭತ್ತದ ಬೆಂಬಲ ಬೆಲೆ ಕ್ವಿಂಟಾಲಿಗೆ 2,369. ಖರೀದಿ ಕೇಂದ್ರ ಬಾಗಿಲು ತೆಗೆಯೋ ಹೊತ್ತಿಗೆ ನಮ್ಮಲ್ಲಿ ಅರ್ಧ ಜನ ಮಾರಿ ಮುಗಿಸಿದ್ದೆವು. ಸಾಲ, ಬಡ್ಡಿ, ಮಕ್ಕಳ ಫೀಸು ಯಾವುದೂ ಕಾಯಲ್ಲ. ವ್ಯಾಪಾರಿ ಕಣದ ಹತ್ರ ಬಂದು 2,000ಕ್ಕೆ ಅಳೆದುಕೊಂಡು ಹೋದ. ಕ್ವಿಂಟಾಲಿಗೆ 369 ರೂಪಾಯಿ ಕಮ್ಮಿ. 22 ಕ್ವಿಂಟಾಲಿಗೆ 8,118.

ಊರ ಕಟ್ಟು ಮಾಡಿ ನಾವು ಉಳಿಸಬೇಕು ಅಂತ ಹೊರಟಿದ್ದು ನಾಟಿಯಲ್ಲಿ 500, ಕಳೆಯಲ್ಲಿ ಹೆಚ್ಚಂದ್ರೆ 300. ಒಟ್ಟು 800. ಒಂದು ಕಡೆ 8,118 ಹೋಗ್ತಾ ಇದೆ, ಅಲ್ಲಿ ನಾವು ಬಾಯಿ ಬಿಡಲ್ಲ. ಇನ್ನೊಂದು ಕಡೆ 800ಕ್ಕೆ ಪಂಚಾಯ್ತಿ ಸೇರ್ತೀವಿ. ಯಾಕೆ? ವ್ಯಾಪಾರಿ ನಮ್ಮ ಕಟ್ಟೆಗೆ ಬರಲ್ಲ, ಅವನಿಗೆ ದಂಡ ಹಾಕಕ್ಕಾಗಲ್ಲ. ಕೂಲಿಯವರು ಕಟ್ಟೆಯಿಂದ ಕೂಗಳತೆಯಲ್ಲಿ ಇದ್ದಾರೆ. ಕೈಗೆ ಸಿಕ್ಕೋರ ಮೇಲೆ ಕಟ್ಟು ಮಾಡಿದೆವು, ಅಷ್ಟೇ. ಇದು ಕಹಿ ಮಾತು, ಮೊದಲು ನನಗೇ ಹೇಳಿಕೊಂಡಿದ್ದೀನಿ.

ಲೆಕ್ಕ ಇಲ್ಲಿಗೆ ಮುಗಿಯಲ್ಲ. 22 ಕ್ವಿಂಟಾಲ್ 2,000ದಂತೆ 44,000. ಖರ್ಚು 28,500 ಕಳೆದ್ರೆ 15,500. ಹುಲ್ಲು ದನಕ್ಕೆ. ಈ ಬೆಳೆಗೆ ನಾನು ಹಾಕಿದ್ದು 35 ದಿನ, ನನ್ನ ಹೆಂಡತಿ 20 ದಿನ. ನೀರು ಕಟ್ಟೋದು, ಬದು ಕಡಿಯೋದು, ಗೊಬ್ಬರ ಎರಚೋದು, ಒಣಗಿಸೋದು. 55 ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 282 ರೂಪಾಯಿ. ಕರ್ನಾಟಕದಲ್ಲಿ 2025-26ರ ನರೇಗಾ ಕೂಲಿ 370. ನೆಲದ ಬಾಡಿಗೆ, ಸಾಲದ ಬಡ್ಡಿ ಬಿಟ್ಟೇ ಹೇಳ್ತಿದ್ದೀನಿ. ಪಹಣಿಯಲ್ಲಿ ನಾನು ಒಡೆಯ. ಕೈಗೆ ಸಿಕ್ಕಿದ್ದು ಗುಂಡಿ ತೋಡೋ ಕೂಲಿಗಿಂತ ಕಮ್ಮಿ. ಅದೇ ಬೆಂಬಲ ಬೆಲೆ ಪೂರ್ತಿ ಸಿಕ್ಕಿದ್ರೆ ದಿನಕ್ಕೆ 429 ಬೀಳ್ತಿತ್ತು. ಗ್ಯಾಂಗಿನ ಅಕ್ಕ ಕೇಳಿದ 450ಕ್ಕೆ ಹತ್ತಿರ ಹತ್ತಿರ.

ರೈತ ಯಾರು, ಒಡೆಯನೋ ಕೂಲಿಯೋ?

ಈ ಪ್ರಶ್ನೆ ನಮ್ಮದು ಮಾತ್ರ ಅಲ್ಲ. ಎಡಪಂಥದವರು ನೂರು ವರ್ಷಕ್ಕೂ ಮೇಲಿನಿಂದ ಇದನ್ನೇ ಹಿಡಿದು ತಮ್ಮತಮ್ಮಲ್ಲೇ ಜಗಳ ಆಡ್ತಿದ್ದಾರೆ. 1894ರಲ್ಲಿ ಜರ್ಮನಿಯ ಕಾರ್ಮಿಕ ಪಕ್ಷದಲ್ಲಿ ಸಣ್ಣ ರೈತರ ಪರವಾಗಿ ಕಾರ್ಯಕ್ರಮ ಮಾಡ್ಬೇಕಾ ಬೇಡವಾ ಅಂತ ಚರ್ಚೆ ಎದ್ದಿತ್ತು. ಮಾರ್ಕ್ಸನ ಜೊತೆಗಾರ ಎಂಗೆಲ್ಸ್ ಅದೇ ವರ್ಷ ಇದರ ಬಗ್ಗೆ ಬರೆದ. ಅವನು ಹೇಳಿದ್ದರ ಸಾರ ಇಷ್ಟು: ಸಣ್ಣ ರೈತನ ಭೂಮಿಯನ್ನು ಬಲವಂತವಾಗಿ ಕಿತ್ಕೋಬಾರದು, ಸಹಕಾರದ ದಾರಿ ತೋರಿಸಿ ಒಲಿಸಬೇಕು. ಆದ್ರೆ ಆಳು ಇಟ್ಟು ದುಡಿಸೋ ರೈತ ಬಂದಾಗ ಆಳಿನ ಹಿತ ಮೊದಲು. ಮಾರನೇ ವರ್ಷ ಪಕ್ಷದ ಸಮ್ಮೇಳನ ರೈತರ ಕಾರ್ಯಕ್ರಮವನ್ನೇ ತಳ್ಳಿಹಾಕಿತು.

ನಮ್ಮ ದೇಶದಲ್ಲೂ ಅದೇ ಆಯ್ತು. 1936ರಲ್ಲಿ ಲಖನೌದಲ್ಲಿ ಅಖಿಲ ಭಾರತ ಕಿಸಾನ್ ಸಭಾ ಶುರುವಾಯ್ತು, ಸ್ವಾಮಿ ಸಹಜಾನಂದ ಸರಸ್ವತಿ ಅದರ ಅಧ್ಯಕ್ಷರು. ಅವತ್ತಿನ ಶತ್ರು ಜಮೀನ್ದಾರ. ಅವನ ಎದುರು ರೈತ, ಗೇಣಿದಾರ, ಕೂಲಿ ಎಲ್ಲರೂ ಒಂದೇ ಕಡೆ ನಿಲ್ಲಬಹುದಿತ್ತು. ಜಮೀನ್ದಾರ ಹೋದ ಮೇಲೆ ಕೂಲಿಗೆ ಎದುರು ನಿಂತಿದ್ದು ರೈತನೇ. ಆಗ ಸಿಪಿಐ 1968ರಲ್ಲಿ, ಸಿಪಿಎಂ 1982ರಲ್ಲಿ ಕೃಷಿ ಕೂಲಿಕಾರರಿಗೆ ಬೇರೆಯದೇ ಅಖಿಲ ಭಾರತ ಸಂಘ ಕಟ್ಟಿದವು. ಒಂದು ಕಡೆಯವರು "ರೈತಸಂಘದೊಳಗೆ ಇದ್ರೆ ಕೂಲಿಯವನ ದನಿ ಅಡಗುತ್ತೆ" ಅಂದ್ರು. ಇನ್ನೊಂದು ಕಡೆಯವರು "ಬೇರೆ ಮಾಡಿದ್ರೆ ಹಳ್ಳಿ ಒಡೆಯುತ್ತೆ, ದೊಡ್ಡ ಶತ್ರು ನಗ್ತಾನೆ" ಅಂದ್ರು. ಇಬ್ಬರ ಮಾತಲ್ಲೂ ನಿಜ ಇದೆ, ಅದಕ್ಕೇ ಜಗಳ ಇನ್ನೂ ಮುಗಿದಿಲ್ಲ.

ನನ್ನ ಗದ್ದೆಯಲ್ಲಿ ನಿಂತು ನೋಡಿದ್ರೆ ನಾನು ವರ್ಷದಲ್ಲಿ ಹದಿನೈದು ದಿನ ಒಡೆಯ, ಉಳಿದಿದ್ದು ಪೂರ್ತಿ ಕೂಲಿ. ಆ ಹದಿನೈದು ದಿನದ ಬುದ್ಧಿ ಇಟ್ಕೊಂಡು ವರ್ಷಪೂರ್ತಿ ರಾಜಕೀಯ ಮಾಡ್ತೀವಿ ನಾವು. ತೊಂದರೆ ಇರೋದು ಅಲ್ಲಿ.

ಒಂದೇ ಗದ್ದೆ, ಎರಡು ದಾಖಲೆ

ನಮ್ಮ ಮನೆ ಭೂಮಿ ಕಥೆ ಹೇಳ್ತೀನಿ. ನಮ್ಮಜ್ಜ ಗೇಣಿಗೆ ಉಳ್ತಿದ್ದೋರು. ಗೇಣಿದಾರರ ಹೋರಾಟ ಅಂದ್ರೆ 1951ರ ಕಾಗೋಡು ನೆನಪಾಗುತ್ತೆ. ಸಾಗರ ತಾಲೂಕಿನಲ್ಲಿ ಗೇಣಿ ಅಳೆಯೋ ಕೊಳಗದ ಅಳತೆಯಿಂದ ಎದ್ದ ಜಗಳ ಅದು. ಲೋಹಿಯಾ ಬಂದು ಬಂಧನ ಆದ್ರು. ಅಲ್ಲಿಂದ ಇಪ್ಪತ್ತಮೂರು ವರ್ಷ ಆದ ಮೇಲೆ, 1974ರಲ್ಲಿ, ದೇವರಾಜ ಅರಸರ ಕಾಲದ ಭೂ ಸುಧಾರಣಾ ತಿದ್ದುಪಡಿ ಬಂತು. ಅಜ್ಜ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಷನ್ ಹಾಕಿದ್ರು, ಟ್ರಿಬ್ಯೂನಲ್‌ನಲ್ಲಿ ಒಂದೂವರೆ ಎಕರೆ ಆಯ್ತು. ಇವತ್ತು ನಾನು "ರೈತ" ಅಂತ ಈ ಪೇಜಿನಲ್ಲಿ ಬರೀತಿರೋದು ಆ ಫಾರಂನಿಂದ.

ಅದೇ ಗದ್ದೆಯಲ್ಲಿ ಗ್ಯಾಂಗಿನ ಅಕ್ಕನ ಅಪ್ಪನೂ ದುಡೀತಿದ್ರು, ಜೀತದಾಳಾಗಿ. ಗೇಣಿದಾರನಿಗೆ ಫಾರಂ ಇತ್ತು, ಜೀತದಾಳಿಗೆ ಅದರಲ್ಲಿ ಜಾಗ ಇರಲಿಲ್ಲ. 1976ರ ಕಾಯ್ದೆ ಜೀತದಿಂದ ಬಿಡಿಸಿತು, ಭೂಮಿ ಕೊಡಲಿಲ್ಲ. "ಉಳುವವನೇ ಭೂಮಿಯ ಒಡೆಯ" ಅಂದ್ರು ಸರಿ, ಆದ್ರೆ ನೇಗಿಲು ಹಿಡಿದೋರೆಲ್ಲ ಆ "ಉಳುವವ" ಅನ್ನೋ ಪದದೊಳಗೆ ಬರಲಿಲ್ಲ. ನಮ್ಮಜ್ಜನ ಪುಣ್ಯ, ಅವರು ಬಂದ್ರು. ಅಕ್ಕನ ಅಪ್ಪ ನಮ್ಮಜ್ಜನ್ನ "ಬುದ್ಧಿ" ಅಂತಿದ್ರಂತೆ. ಈಯಮ್ಮ ನನ್ನನ್ನ "ಅಣ್ಣ" ಅಂತಾಳೆ. "ಈಗಿನ ಕೂಲಿಯೋರಿಗೆ ಸೊಕ್ಕು" ಅಂತ ಕಟ್ಟೆ ಮೇಲೆ ಮಾತು ಬರುತ್ತಲ್ಲ, ಎಷ್ಟೋ ಸಲ ನಮಗೆ ಚುಚ್ಚೋದು 50 ರೂಪಾಯಿ ಅಲ್ಲ, ಈ "ಅಣ್ಣ".

ರೈತಸಂಘದ ವಿಷಯಕ್ಕೂ ಬರ್ತೀನಿ, ಹಸಿರು ಶಾಲು ನಾನೂ ಹೊದ್ದೋನೇ. 1980ರ ಜುಲೈ 21ರ ನರಗುಂದ-ನವಲಗುಂದ ಗೋಲಿಬಾರ್ ಆದ ಮೇಲೆ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಸಾಲ ವಸೂಲಿಗೆ ಬರೋ ಅಧಿಕಾರಿ ಊರಿನ ಅಪ್ಪಣೆ ಇಲ್ಲದೆ ಒಳಗೆ ಬರಬಾರದು ಅಂತ ಊರ ಬಾಗಿಲಲ್ಲಿ ಬೋರ್ಡು ಹಾಕೋ ಧೈರ್ಯ ಕೊಟ್ಟಿದ್ದು ಆ ಸಂಘ. ಅದೇ ಕಾಲದಲ್ಲಿ ದಲಿತ ಸಂಘರ್ಷ ಸಮಿತಿ ಭೂಮಿಗೆ, ಕೂಲಿಗೆ, ಮರ್ಯಾದೆಗೆ ಬೀದಿಗಿಳಿದಿತ್ತು. ಹಸಿರು ಮತ್ತು ನೀಲಿ ಒಂದೇ ಊರಿನಲ್ಲಿ ಬೇರೆ ಬೇರೆ ಬೀದಿಯಲ್ಲಿ ಮೆರವಣಿಗೆ ಹೋದವು. ಎಡದ ಎಷ್ಟೋ ಜನ ಆಗ "ಇದು ಆಳಿಡೋ ರೈತರ ಚಳವಳಿ, ಬೆಂಬಲ ಬೆಲೆ ಕೇಳ್ತಾರೆ, ಕನಿಷ್ಠ ಕೂಲಿ ಮಾತಾಡಲ್ಲ" ಅಂತ ಟೀಕೆ ಮಾಡಿದ್ರು. ನಮಗೆ ಸಿಟ್ಟು ಬಂತು. ಈಗ ನಿಧಾನವಾಗಿ ಯೋಚನೆ ಮಾಡಿದ್ರೆ ಆ ಟೀಕೆಯಲ್ಲಿ ಅರ್ಧ ನಿಜ ಇತ್ತು. ಆಮೇಲೆ ಎರಡೂ ಕಡೆಯವರು ಸೇರಿ ಸರ್ವೋದಯ ಕರ್ನಾಟಕ ಅಂತ ಪಕ್ಷ ಕಟ್ಟಿದ್ರು. ದೇವನೂರ ಮಹಾದೇವ ಅವರೂ ಜೊತೆಯಾದ್ರು. ನಮ್ಮ ಜಿಲ್ಲೆಯ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಆ ಪಕ್ಷದಿಂದಲೇ ಮೇಲುಕೋಟೆಯಲ್ಲಿ ಗೆದ್ದಿದ್ದು. ಮೇಲೆ ಸೇರಿದ್ದು ಸರಿ. ಅರಳಿಕಟ್ಟೆಯಲ್ಲಿ ಸೇರಿದ್ದೀವಾ?

ಪಂಜಾಬಿನವರೂ ಇದನ್ನೇ ಮಾಡಿದ್ರು

ನಮ್ಮೂರ ಕಟ್ಟಿನ ಹಾಗೇ 2020ರ ಜೂನ್‌ನಲ್ಲಿ ಪಂಜಾಬಿನ ಎಷ್ಟೋ ಹಳ್ಳಿ ಪಂಚಾಯ್ತಿಗಳು ಮಾಡಿದ್ವು. ಲಾಕ್‌ಡೌನ್‌ನಿಂದ ಬಿಹಾರ, ಉತ್ತರಪ್ರದೇಶದ ನಾಟಿ ಆಳುಗಳು ಬರಲಿಲ್ಲ. ಸ್ಥಳೀಯ ಕೂಲಿಯವರು, ಬಹಳಷ್ಟು ದಲಿತರು, ಎಕರೆಗೆ ಜಾಸ್ತಿ ಕೇಳಿದ್ರು. ಪಂಚಾಯ್ತಿಗಳು ಇಷ್ಟಕ್ಕಿಂತ ಜಾಸ್ತಿ ಕೊಡಬಾರದು ಅಂತ ಠರಾವು ಮಾಡಿದ್ವು. ಕೆಲವು ಕಡೆ ದಂಡ, ಕೆಲವು ಕಡೆ ಬಹಿಷ್ಕಾರದ ಮಾತು. ಅಲ್ಲಿ ಪರಿಶಿಷ್ಟ ಜಾತಿಯವರು ಜನಸಂಖ್ಯೆಯಲ್ಲಿ ನೂರಕ್ಕೆ 32. ಅವರ ಕೈಲಿರೋ ಭೂಮಿ ನೂರಕ್ಕೆ 4ರಷ್ಟೂ ಇಲ್ಲ. ಪಂಚಾಯ್ತಿ ಜಮೀನಿನಲ್ಲಿ ಮೂರನೇ ಒಂದು ಭಾಗ ಕಾನೂನಿನ ಪ್ರಕಾರ ಅವರಿಗೆ ಗುತ್ತಿಗೆ ಸಿಗಬೇಕು ಅಂತ ಜಮೀನ್ ಪ್ರಾಪ್ತಿ ಸಂಘರ್ಷ ಸಮಿತಿ 2014ರಿಂದ ಹೋರಾಡ್ತಿದೆ. ಕೂಲಿ ಠರಾವಿನ ವಿರುದ್ಧವೂ ಆ ಸಮಿತಿ ನಿಂತಿತು.

ಅದೇ ಜೂನ್‌ನಲ್ಲಿ ಕೇಂದ್ರ ಸರ್ಕಾರ ಮೂರು ಕೃಷಿ ಸುಗ್ರೀವಾಜ್ಞೆ ತಂತು. ನವೆಂಬರ್ 26ಕ್ಕೆ ರೈತರು ದೆಹಲಿ ಗಡಿ ಮುಟ್ಟಿದ್ರು. ಅಲ್ಲಿ ಕೇಳಿದ ಘೋಷಣೆ "ಕಿಸಾನ್ ಮಜ್ದೂರ್ ಏಕತಾ ಜಿಂದಾಬಾದ್." ಆರು ತಿಂಗಳ ಹಿಂದೆ ಕೂಲಿಗೆ ಕಟ್ಟು ಹಾಕಿದ ಊರುಗಳಿಂದಲೇ ಬಂದ ಟ್ರ್ಯಾಕ್ಟರುಗಳಲ್ಲಿ ರೈತ-ಕೂಲಿ ಏಕತೆಯ ಘೋಷಣೆ. ಇದನ್ನ ನೋಡಿ ಎಡಪಂಥದಲ್ಲೇ ಮತ್ತೆ ವಾದ ಎದ್ದಿತು. ಶ್ರೀಮಂತ ರೈತರ ಹೋರಾಟಕ್ಕೆ ಕೂಲಿಯವರು ಯಾಕೆ ಹೋಗ್ಬೇಕು ಅಂತ ಕೆಲವರು. ಮಂಡಿ ಹೋದ್ರೆ ಮಂಡಿ ಹಮಾಲಿಯ ಕೆಲಸವೂ ಹೋಗುತ್ತೆ, ಸರ್ಕಾರಿ ಖರೀದಿ ನಿಂತ್ರೆ ರೇಷನ್ ಅಕ್ಕಿಗೂ ಕುತ್ತು, ಹಾಗಾಗಿ ಇದು ಕೂಲಿಯವರ ಹೋರಾಟವೂ ಹೌದು ಅಂತ ಇನ್ನು ಕೆಲವರು. ನನಗೆ ಎರಡನೇ ವಾದವೇ ಸರಿ ಅನ್ಸುತ್ತೆ. ಒಂದು ವರ್ಷ ಕೂತ್ರು. 2021ರ ನವೆಂಬರ್ 19ಕ್ಕೆ ಕಾಯ್ದೆ ವಾಪಸು ಅಂತ ಪ್ರಧಾನಿ ಹೇಳಿದ್ರು. ದೊಡ್ಡ ಗೆಲುವು. ಆದ್ರೆ ಗೆದ್ದು ಊರಿಗೆ ಬಂದ ಮೇಲೆ ನಾಟಿ ಕಾಲದಲ್ಲಿ ಕೂಲಿ ಕಟ್ಟಿನ ಸುದ್ದಿ ಪಂಜಾಬಿನಿಂದ ಮತ್ತೆ ಬಂತು. ಘೋಷಣೆ ಗಡಿಯಲ್ಲೇ ಉಳೀತು ಅಂತ ಕೂಲಿಯವರಿಗೆ ಅನ್ನಿಸಿದ್ರೆ ಅವರ ತಪ್ಪಾ?

ಮಾಲೀಕರು ಒಂದಾಗಿ ಕೂಲಿಯವರ ಬಾಯಿ ಕಟ್ಟೋಕೆ ಹೊರಟ ದಾರಿ ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ನಮ್ಮ ಕಾವೇರಿಯ ಕೊನೆಯಲ್ಲೇ ಒಂದು ಊರಿದೆ. ತಂಜಾವೂರು ಸೀಮೆಯ ಕೀಳ್ವೆಣ್ಮಣಿ. ಕೂಲಿ ಭತ್ತ ಸ್ವಲ್ಪ ಜಾಸ್ತಿ ಕೊಡಿ ಅಂತ ಕೆಂಪು ಬಾವುಟದ ಸಂಘ ಕೇಳಿತ್ತು. ಭೂಮಾಲೀಕರು ಭತ್ತ ಬೆಳೆಗಾರರ ಸಂಘ ಅಂತ ತಮ್ಮದೇ ಸಂಘ ಕಟ್ಟಿದ್ರು. 1968ರ ಡಿಸೆಂಬರ್ 25ರ ರಾತ್ರಿ 44 ದಲಿತರು, ಬಹುಪಾಲು ಹೆಂಗಸರು ಮಕ್ಕಳು, ಒಂದು ಗುಡಿಸಲಿನಲ್ಲಿ ಸುಟ್ಟುಹೋದ್ರು. ಭೂಮಾಲೀಕರನ್ನು ಹೈಕೋರ್ಟು ಬಿಡುಗಡೆ ಮಾಡಿತು. ನಮ್ಮೂರನ್ನು ಅದಕ್ಕೆ ಹೋಲಿಸ್ತಿಲ್ಲ, ಯಾರೂ ಹಾಗೆ ತಿಳ್ಕೋಬೇಡಿ. ಆದ್ರೆ ದಂಡ, ಬಹಿಷ್ಕಾರ, "ಅವರಿಗೆ ಬುದ್ಧಿ ಕಲಿಸ್ಬೇಕು" ಅನ್ನೋ ಮಾತು ಬಾಯಿಗೆ ಬಂದಾಗ ಆ ಊರಿನ ಹೆಸರು ನೆನಪಿರಲಿ.

"ಹಾಗಾದ್ರೆ ಕೇಳಿದಷ್ಟು ಕೊಟ್ಟು ಮಣ್ಣು ತಿನ್ನೋಣ್ವಾ?"

ಇದನ್ನ ಕೇಳ್ತೀರಿ ಅಂತ ಗೊತ್ತು. ನ್ಯಾಯವಾದ ಪ್ರಶ್ನೆಯೇ. ಜೊತೆಗೆ ಕೇರಳದ ಉದಾಹರಣೆಯನ್ನೂ ಕೊಡ್ತೀರಿ: "ಅಲ್ಲಿ ಕಮ್ಯುನಿಸ್ಟರು ಕೂಲಿ ಏರಿಸಿ ಏರಿಸಿ ಭತ್ತವನ್ನೇ ಮುಗಿಸಿದ್ರು." ಅಂಕಿ ಸುಳ್ಳಲ್ಲ. 1970ರ ದಶಕದ ನಡುವೆ ಅಲ್ಲಿ ಸುಮಾರು 8.8 ಲಕ್ಷ ಹೆಕ್ಟೇರ್ ಭತ್ತ ಇತ್ತು, ಈಗ 2 ಲಕ್ಷ ಹೆಕ್ಟೇರ್ ಆಸುಪಾಸು. 1974ರಲ್ಲೇ ಕೃಷಿ ಕೆಲಸಗಾರರಿಗೆ ಅಂತ ಪ್ರತ್ಯೇಕ ಕಾಯ್ದೆ ಬಂತು, ಸಂಘಗಳು ಗಟ್ಟಿಯಾಗಿದ್ವು, ಕುಟ್ಟನಾಡಿನಲ್ಲಿ ಮೆಷಿನ್ನಿಗೂ ವಿರೋಧ ಬಂತು. ಆ ವಿರೋಧ ತಪ್ಪು ಅಂತಲೇ ನಾನು ಹೇಳೋದು. ಆದ್ರೆ ಭತ್ತ ಹೋಗಿದ್ದಕ್ಕೆ ಕೂಲಿ ಒಂದೇ ಕಾರಣ ಅಲ್ಲ. ರಬ್ಬರ್, ತೆಂಗಿನಲ್ಲಿ ಹೆಚ್ಚು ದುಡ್ಡಿತ್ತು, ಗಲ್ಫ್ ದುಡ್ಡು ಬಂದು ಗದ್ದೆಗಳು ಸೈಟುಗಳಾದ್ವು. 2008ರಲ್ಲಿ ಗದ್ದೆ ಉಳಿಸೋಕೆ ಕಾಯ್ದೆಯನ್ನೇ ತರಬೇಕಾಯ್ತು. ನಮ್ಮ ಹೆದ್ದಾರಿ ಪಕ್ಕದ ಗದ್ದೆಗಳು ಲೇಔಟ್ ಆಗ್ತಿರೋದು ನಾಟಿ ಕೂಲಿ ಜಾಸ್ತಿಯಾಗಿ ಅಲ್ಲವಲ್ಲ?

ಅದೇ ಕೇರಳದಿಂದ ಇನ್ನೊಂದನ್ನೂ ನೋಡ್ಬೇಕು. 1998ರಲ್ಲಿ ಶುರುವಾದ ಕುಡುಂಬಶ್ರೀಯ ಹೆಂಗಸರು ನಾಲ್ಕೈದು ಜನರ ಗುಂಪು ಕಟ್ಟಿ, ಬೀಳು ಬಿದ್ದ ಗದ್ದೆಯನ್ನ ಗುತ್ತಿಗೆಗೆ ಹಿಡಿದು ತಾವೇ ಬೆಳೀತಾರೆ. ನಿನ್ನೆ ಕೂಲಿಗೆ ಹೋದೋರು ಇವತ್ತು ಬೆಳೆಗಾರರು. ಭೂಮಿ ಇರೋನು, ದುಡಿಯೋನು ಅನ್ನೋ ಗೆರೆ ದಾಟೋಕಾಗದ ಗೆರೆ ಅಲ್ಲ ಅನ್ನೋದು ಅಲ್ಲಿ ಕಾಣುತ್ತೆ.

ಇನ್ನು ಬೆಂಬಲ ಬೆಲೆ ಲೆಕ್ಕದಲ್ಲಿ ನಾವು ಗಮನಿಸದೇ ಇರೋ ಒಂದು ಗಂಟಿದೆ. 2,369 ಹೇಗೆ ಬಂತು? ಕೈಯಿಂದ ಕೊಟ್ಟ ಖರ್ಚಿಗೆ ಮನೆಯವರ ದುಡಿಮೆಯ ಬೆಲೆ ಸೇರಿಸಿ ಕ್ವಿಂಟಾಲಿಗೆ 1,579 ಅಂತ ಆಯೋಗ ಲೆಕ್ಕ ಹಾಕಿತು, ಅದರ ಒಂದೂವರೆ ಪಟ್ಟು 2,369. ಸ್ವಂತ ಭೂಮಿಯ ಬಾಡಿಗೆ, ಬಂಡವಾಳದ ಬಡ್ಡಿಯನ್ನೂ ಸೇರಿಸಿ ಅದರ ಮೇಲೆ ಅರ್ಧ ಕೊಡಿ ಅನ್ನೋದು ಸ್ವಾಮಿನಾಥನ್ ಆಯೋಗದ ಹೆಸರಲ್ಲಿ ನಾವು ಕೇಳ್ತಿರೋದು. ಯಾವ ಲೆಕ್ಕ ಹಿಡಿದ್ರೂ ನನ್ನ ಮತ್ತು ನನ್ನ ಹೆಂಡತಿಯ ದುಡಿಮೆಗೆ ಬೆಲೆ ಕಟ್ಟೋದು ಕೂಲಿ ಆಳಿನ ದರದ ಆಧಾರದ ಮೇಲೆ. ಅಂದ್ರೆ ಕೂಲಿ ಕಮ್ಮಿ ಬರೆಸಿದ್ರೆ ನನ್ನ ಹೆಂಡತಿಯ ಕೂಲಿಯನ್ನೂ ನಾನೇ ಕಮ್ಮಿ ಬರೆಸಿದ ಹಾಗೆ. ಕೂಲಿ ಮೇಲೇರಿದ್ರೆ ಬೆಲೆ ಮೇಲೇರಬೇಕು ಅಂತ ಕೇಳೋಕೆ ನಮ್ಮ ಕೈಯಲ್ಲಿ ಹಿಡಿತ ಇರುತ್ತೆ. ತಡವಾಗಿ ಏರುತ್ತೆ, ಕೊಳ್ಳೋ ಕೇಂದ್ರ ಇಲ್ಲದಿದ್ರೆ ಏರಿದ್ದೂ ಸಿಗಲ್ಲ. ಅದಕ್ಕೇ ಜಗಳ ಅಲ್ಲಿ ಮಾಡ್ಬೇಕು ಅನ್ನೋದು.

ನರೇಗಾ ವಿಷಯವೂ ಹೀಗೇ. 2025ರ ಡಿಸೆಂಬರ್‌ನಲ್ಲಿ ಅದರ ಬದಲು ಹೊಸ ಕಾಯ್ದೆ ಬಂತು. 125 ದಿನ ಅಂತ ಇದೆ, ಜೊತೆಗೆ ಬಿತ್ತನೆ ಕಟಾವು ಕಾಲದಲ್ಲಿ ಒಟ್ಟು 60 ದಿನ ಕೆಲಸ ಕೊಡಬಾರದು ಅಂತಲೂ ಇದೆ. "ಇನ್ನು ಆಳು ಸಿಗುತ್ತೆ" ಅಂತ ನಮ್ಮ ಗ್ರೂಪಿನಲ್ಲಿ ಖುಷಿಪಟ್ಟೋರಿದ್ದಾರೆ. ಆದ್ರೆ ನಮ್ಮ ಗ್ಯಾಂಗಿನೋರು ಹೋದ ವರ್ಷ ಹೋಗಿದ್ದು ನರೇಗಾಕ್ಕಲ್ಲ, ಪಕ್ಕದ ತಾಲೂಕಿನ ಗದ್ದೆಗೆ. ಅವರ ಮಕ್ಕಳು ಹೋಗ್ತಿರೋದು ಗಾರ್ಮೆಂಟ್ಸ್ ಬಸ್ಸಿಗೆ. ಅದನ್ನೂ ನಿಲ್ಲಿಸ್ತೀವಾ? ನಮ್ಮ ಮನೆ ಹೆಣ್ಮಕ್ಕಳೂ ಅದೇ ಬಸ್ಸು ಹತ್ತಿದ್ದಾರೆ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡಿಗಾಗಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಮಕ್ಕಳು ಹೊಸೂರು ರಸ್ತೆ ತಡೆದಾಗ, ಸರ್ಕಾರ ನಿಯಮ ವಾಪಸ್ ತಗೊಂಡಾಗ ನಾವೆಲ್ಲ "ಶಭಾಷ್" ಅಂದೆವು. ನಮ್ಮ ಮಗಳು ಕೂಲಿ ಕೇಳಿದ್ರೆ ಹೋರಾಟ, ಗ್ಯಾಂಗಿನ ಅಕ್ಕ ಕೇಳಿದ್ರೆ ಸೊಕ್ಕು, ಇದು ಯಾವ ನ್ಯಾಯ? ಇನ್ನೊಂದು ಮಾತು, ಕೃಷಿ ಹೊಂಡ, ಬದು, ದನದ ಕೊಟ್ಟಿಗೆ ಅಂತ ನರೇಗಾ ದುಡ್ಡು ನಮ್ಮ ಹೊಲಕ್ಕೂ ಬಂದಿದೆ. ಜಾಬ್ ಕಾರ್ಡು ನಮ್ಮಲ್ಲಿ ಎಷ್ಟು ಜನರ ಮನೇಲಿದೆ ಅಂತ ಕಪಾಟು ತೆಗೆದು ನೋಡ್ಕೊಳ್ಳಿ.

ಏನು ಮಾಡೋಣ?

ರೈತ ಕೂಲಿ ಅಣ್ಣತಮ್ಮಂದಿರು ಅಂತ ಭಾಷಣ ಮಾಡಲ್ಲ ನಾನು. ನಾಟಿ ದಿನ ನನ್ನ ಹಿತ, ಆಕೆಯ ಹಿತ ಬೇರೆ ಬೇರೆಯೇ. ನನಗೆ ಕಮ್ಮಿ ಕೊಡೋ ಆಸೆ, ಆಕೆಗೆ ಜಾಸ್ತಿ ತಗೊಳ್ಳೋ ಆಸೆ. ಅದರ ಮೇಲೆ ಜಾತಿ ಅನ್ನೋದು ಕೂತಿದೆ. ಇದನ್ನ ಮುಚ್ಚಿಟ್ಟು ಏಕತೆ ಅಂದ್ರೆ ಆಕೆ ನಂಬಲ್ಲ, ನಂಬಲೂಬಾರದು. ಬೇರೆ ಬೇರೆ ಹಿತ ಇದೆ ಅಂತ ಒಪ್ಪಿಕೊಂಡೇ ಕೂತು ಮಾತಾಡ್ಬೇಕು.

ಈ ಸಲ ಕಟ್ಟು ಬೇಡ, ಮಾತುಕತೆ ಆಗಲಿ. ಗ್ಯಾಂಗಿನೋರಿಗೆ ನಿಜವಾದ ಕಷ್ಟ ಅಂದ್ರೆ ಒಂದು ವಾರ ಎಲ್ಲರೂ ಕರೀತೀವಿ, ಆಮೇಲೆ ಯಾರೂ ಕರೆಯಲ್ಲ. ನಮ್ಮ ಕಷ್ಟ ಅಂದ್ರೆ ಎಲ್ಲರಿಗೂ ಒಂದೇ ವಾರ ಆಳು ಬೇಕು. ನಾಲೆಯ ಮೇಲ್ಗಡೆಯವರು, ನಡುವಿನವರು, ಕೊನೆಯವರು ಒಟ್ಲನ್ನ ಒಂದೊಂದು ವಾರ ಹಿಂದೆಮುಂದೆ ಹಾಕಿದ್ರೆ ಗ್ಯಾಂಗಿಗೆ ಇಲ್ಲೇ ಇಪ್ಪತ್ತು ಇಪ್ಪತ್ತೈದು ದಿನ ಸತತ ಕೆಲಸ ಸಿಗುತ್ತೆ, ನಮ್ಮ ಪೈರೂ ವಯಸ್ಸಾಗಲ್ಲ. ಸರದಿ ಪಟ್ಟಿ ಬರೆದು ಡೇರಿ ಗೋಡೆಗೆ ಅಂಟಿಸೋಣ. ಆಟೋ ಹತ್ತಿ ಪಕ್ಕದ ತಾಲೂಕಿಗೆ ಹೋಗೋ ಖರ್ಚು, ಹೊತ್ತು ಉಳಿದ್ರೆ 500ರ ಜಾಗದಲ್ಲಿ 450ಕ್ಕೆ ಒಪ್ಪೋ ಸಾಧ್ಯತೆ ಇದೆ ಅಂತ ಅಕ್ಕನೇ ಹೇಳಿದೆ. ಅರ್ಧ ಎಕರೆ, ಮುಕ್ಕಾಲು ಎಕರೆ ಇರೋರು ನಮ್ಮ ಅಪ್ಪಂದಿರ ಕಾಲದ ಮುಯ್ಯಾಳು ಪದ್ಧತಿಗೆ ಮತ್ತೆ ಹೋದ್ರೂ ತಪ್ಪಿಲ್ಲ. ನಾಟಿ ಮೆಷಿನ್ ಬರೋದಾದ್ರೆ ಅದನ್ನ ನಡೆಸೋ ತರಬೇತಿ, ಬಾಡಿಗೆ ವ್ಯವಹಾರ ಆ ಹೆಂಗಸರ ಗುಂಪಿಗೇ ಸಿಗಲಿ ಅಂತ ನಾವೇ ಕೃಷಿ ಇಲಾಖೆಗೆ ಬರೆಯೋಣ. ಮೆಷಿನ್ ಬಂದು ಅವರ ಹೊಟ್ಟೆ ಮೇಲೆ ಹೊಡೆಯೋದಕ್ಕಿಂತ ಅದರ ಚಾವಿ ಅವರ ಕೈಲಿರಲಿ.

ಇನ್ನು ಖರೀದಿ ಕೇಂದ್ರ ಕಟಾವಿಗೆ ಮುಂಚೆ ಬಾಗಿಲು ತೆಗೀಬೇಕು ಅಂತ ನಾವು ಕೊಡೋ ಮನವಿಯಲ್ಲಿ ಎರಡನೇ ಸಾಲಿಗೆ ಕೃಷಿ ಕೂಲಿಯವರ ಕನಿಷ್ಠ ಕೂಲಿ, ಮೂರನೇ ಸಾಲಿಗೆ ಆ 60 ದಿನದ ನಿಯಮ ತೆಗೀಬೇಕು ಅನ್ನೋದು ಇರಲಿ. ತಾಲೂಕು ಆಫೀಸಿನ ಮುಂದೆ ಕೂರುವಾಗ ಅವರನ್ನೂ ಕರೆಯೋಣ, ಚಪ್ಪಾಳೆ ತಟ್ಟೋಕಲ್ಲ, ಮೈಕು ಹಿಡಿಯೋಕೆ. ನಮ್ಮ ಸಂಘದ ಸದಸ್ಯತ್ವದ ರಸೀದಿ ಪಹಣಿ ಇಲ್ಲದೋರಿಗೂ ಹರೀಬೇಕು. 8,118 ಕಿತ್ತುಕೊಳ್ಳೋ ಜಗಳಕ್ಕೆ ನಾವು ನಲವತ್ತು ಮನೆಯೋರು ಸಾಕಾಗಲ್ಲ.

ಕೊನೆಯದಾಗಿ ಜಾಗದ ವಿಷಯ. ಭಾನುವಾರದ ಸಭೆ ಅರಳಿಕಟ್ಟೆ ಹತ್ರ ಬೇಡ. ಆ ಕಟ್ಟೆ ಮೇಲೆ ಗ್ಯಾಂಗಿನೋರು ಯಾರೂ ಕೂತಿದ್ದನ್ನ ನಾನು ನೋಡಿಲ್ಲ, ನೀವೂ ನೋಡಿಲ್ಲ. ಯಾಕೆ ಅಂತ ಎಲ್ರಿಗೂ ಗೊತ್ತು. ಡೇರಿ ಮುಂದೆ ಸೇರೋಣ. ಅಲ್ಲಿ ದಿನಾ ಬೆಳಿಗ್ಗೆ ಸಂಜೆ ಎಲ್ಲರೂ ಒಂದೇ ಸಾಲಿನಲ್ಲಿ ಕ್ಯಾನು ಹಿಡ್ಕೊಂಡು ನಿಂತಿರ್ತೀವಿ, ಮಾತಾಡೋಕೆ ಯಾರಿಗೂ ಮುಜುಗರ ಆಗಲ್ಲ. ನಾನು ಅಕ್ಕನಿಗೆ ಹೇಳಿ ಬಂದಿದ್ದೀನಿ. "ಬತ್ತೀವಿ, ಆದ್ರೆ ಮೊದ್ಲು ನಿಮ್ಮೋರು ಒಪ್ಪಲಿ" ಅಂತು.

ಒಪ್ತೀರಾ ಇಲ್ವಾ, ಕೆಳಗೆ ಬರೀರಿ. ನನ್ನ ಲೆಕ್ಕ ತಪ್ಪಾಗಿದ್ರೆ ನಿಮ್ಮ ಎಕರೆ ಲೆಕ್ಕ ಹಾಕಿ ತೋರಿಸಿ. ಹಾಕುವಾಗ ಮನೆಯವರ ದಿನಗಳನ್ನ ಮರೀಬೇಡಿ.

ಭಾನುವಾರ, ಬೆಳಗಿನ ಹಾಲು ಹಾಕಿದ ಮೇಲೆ, ಡೇರಿ ಮುಂದೆ.